ಜೀಷಾನ್ ಹೆಸರಿನ ಸಾಲುಗಳು

ಹುಣಸಮಾರನಹಳ್ಳಿ
26 ಜನವರಿ 2025

ಭಾಗ್ಯ,

ಅಂಚೆಯವರ ಕೈಯಿಂದ ಕವರ್ ಇಸಿದುಕೊಂಡು ನೀನು ಬಿದ್ದು ಬಿದ್ದು ನಗುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ನಗು. ಆದರೆ ಪೂರ್ತಿ ಓದು.

ಇಂಟರ್ನ್‌ಶಿಪ್‌ನ ಮೊದಲ ದಿನವೇ ಕಂಪನಿಯವರು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಸಿದರು. ಹಾಜರಿಗಂತೆ. ಹಾಜರಿ ಹಾಕಲು ನನ್ನ ಮೆಸೇಜ್ ಯಾಕೆ ಓದಬೇಕು, ಮೈಕ್ ಯಾಕೆ ಬೇಕು? ಮಾಲೀಕರಾದ ರಘುನಾಥ್ ಸರ್ ಅವರನ್ನೇ ಕೇಳಿದೆ. "ಎಲ್ಲಾ ಆ್ಯಪೂ ಹಂಗೇ ಕೇಳುತ್ತೆ ಬಿಡಮ್ಮ, ಅಲೋ ಅಂತ ಒತ್ತು" ಎಂದರು. ಒತ್ತಿದೆ. ಅವತ್ತಿನಿಂದ ಫೋನಿನಲ್ಲಿ ಅಮ್ಮಿಯ ಜೊತೆ ಕೊತ್ತಂಬರಿ ಸೊಪ್ಪಿನ ವಿಷಯ ಬಿಟ್ಟು ಬೇರೇನೂ ಮಾತಾಡಿಲ್ಲ. ಆದ್ದರಿಂದ ಈ ಕಾಗದ. ಆಫೀಸಿನ ಮಾತನ್ನು ಫೋನಿನಲ್ಲಿ ಎತ್ತಬೇಡ. ಎತ್ತಿದರೆ ಕಟ್ ಮಾಡುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡ.

ಆಫೀಸು ಸಹಕಾರನಗರದಲ್ಲಿ, ಪಾರ್ಕಿನ ಎದುರು, ಒಂದು ಮನೆಯ ಮೊದಲನೇ ಮಹಡಿ. ಹನ್ನೊಂದು ಜನ. ಶಾಲಾ ವ್ಯಾನ್ ಎಲ್ಲಿದೆ ಎಂದು ಅಪ್ಪ ಅಮ್ಮಂದಿರಿಗೆ ತೋರಿಸುವ ಆ್ಯಪ್ ಮಾಡುತ್ತಾರೆ. ಇಂಟರ್ನ್‌ಗಳು ಇಬ್ಬರು, ನಾನು ಮತ್ತು ಆರ್.ಟಿ. ನಗರದ ಜೀಷಾನ್. ಜೂನ್‌ನಲ್ಲಿ ಕೆಲಸ ಕೊಡುವುದು ಒಬ್ಬರಿಗೆ ಮಾತ್ರ ಎಂದು ರಘುನಾಥ್ ಸರ್ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡೇ ಹೇಳಿದರು. ಈ ವರ್ಷ ನಮ್ಮ ಕಾಲೇಜಿಗೆ ಬಂದ ಕಂಪನಿಗಳೇ ನಾಲ್ಕು, ಅದು ನಿನಗೂ ಗೊತ್ತು. ನನಗೆ ಈ ಕೆಲಸ ಬೇಕೇ ಬೇಕು ಕಣೇ.

ಜೀಷಾನ್ ಮೂರು ತಿಂಗಳು ಮೊದಲೇ ಬಂದವನು. ಅವನಿಗೆ ಹೊಸ ಲ್ಯಾಪ್‌ಟಾಪ್ ಕೊಟ್ಟು, ಅವನು ಬಳಸಿದ ಹಳೆಯದನ್ನು ನನಗೆ ಕೊಟ್ಟಿದ್ದಾರೆ. ಮೂರನೇ ದಿನವೇ ಬಂದು, "ಅದರಲ್ಲಿ ನಂದೇನಾದ್ರೂ ಉಳ್ಕೊಂಡಿರುತ್ತೆ, ಒಂದ್ಸಲ ಕೊಡ್ತೀರಾ? ಕ್ಲೀನ್ ಮಾಡ್ಕೊಡ್ತೀನಿ" ಎಂದ. ಯಾಕಪ್ಪಾ ಇಷ್ಟು ಕಾಳಜಿ? ಬೇಡ ಎಂದೆ. ಅವನು ನಮ್ಮ ಮನೆ ಮಾತಾದ ಉರ್ದುವಿನಲ್ಲೇ ಶುರು ಮಾಡುತ್ತಾನೆ, ನಾನು ಕನ್ನಡದಲ್ಲೇ ಉತ್ತರ ಕೊಡುತ್ತೇನೆ. ಸಲಿಗೆ ಬೇಡ.

ಈ ಕಾಗದ ಡಬ್ಬಕ್ಕೆ ಹಾಕಲು ಹೋಗುವಾಗ ನಿಮ್ಮಜ್ಜಿ ಖಂಡಿತ ಹಿಡಿಯುತ್ತಾರೆ. ಅವರಿಗೆ ಏನು ಹೇಳಲಿ?

ಲೈಬಾ


ಹುಬ್ಬಳ್ಳಿ
2 ಫೆಬ್ರವರಿ 2025

ಪತ್ತೇದಾರಿ ಲೈಬಾ ಮೇಡಂ ಅವರಿಗೆ,

ನಕ್ಕೆ. ಪಿಜಿಯ ಆಂಟಿ ಬಂದು "ಏನಾತವಾ, ಮದುವಿ ಕರೆ ಬಂತೇನು?" ಎಂದು ಕೇಳಿದರು. ನನ್ನ ಗೆಳತಿಗೆ ತಲೆ ಕೆಟ್ಟಿದೆ ಎಂದೆ.

ನಮ್ಮಜ್ಜಿ ನಿನ್ನನ್ನು ಹಿಡಿದೇ ಹಿಡಿದಿದ್ದಾರೆ, ನಿನ್ನೆ ಫೋನಿನಲ್ಲಿ ಹೇಳಿದರು. "ಅಲ್ಲ ಕಣಮ್ಮಿ, ಕೈಯಾಗೆ ಫೋನ್ ಮಡಿಕಂಡು ಇಂಗೆ ಕಾಗ್ದ ಬರ್ಕಂಡ್ ಕುಂತ್ರೆ, ಅರ್ಜೆಂಟ್ ಬಂದ್ರೆ ಏನ್ ಮಾಡ್ತೀರಾ?" ದೊಡ್ಡಮುನಿಯಮ್ಮನವರ ಪ್ರಶ್ನೆಗೆ ಉತ್ತರ ಕೊಡುವ ಸರದಿ ನಿನ್ನದು. ಹೋಗಿ ಹೇಳು.

ಇಲ್ಲಿ ಎಲ್ಲ ಚೆನ್ನಾಗಿದೆ. ನನ್ನ ಇಂಟರ್ನ್‌ಶಿಪ್ ಆಫೀಸಿನಲ್ಲಿ ನಾವು ಐದು ಜನ. ನನಗೆ ಹೇಳಿಕೊಡುವವರು ಅಪ್ಪಾಸಾಹೇಬ ಎಂಬ ಸೀನಿಯರ್. ಮೊದಲ ದಿನವೇ ಅವರಿಂದ ಒಂದು ಸಣ್ಣ ವಿಷಯಕ್ಕೆ ಎಲ್ಲರ ಮುಂದೆ ಬೈಸಿಕೊಂಡೆ. ಏನು ಎಂದು ಕೇಳಬೇಡ. ನಾಲ್ಕು ವರ್ಷ ಓದಿ ಇದೂ ಗೊತ್ತಿಲ್ಲವಾ ಎಂದು ನೀನು ಜೀವನಪೂರ್ತಿ ಆಡಿಕೊಳ್ಳುತ್ತೀಯ.

ಅವನಿಗೆ ಲ್ಯಾಪ್‌ಟಾಪ್ ಕೊಡಬೇಡ ಬಿಡು, ನಿನ್ನಿಷ್ಟ. ಆದರೆ ಸಹಕಾರನಗರದವರು ಇಂಟರ್ವ್ಯೂನಲ್ಲಿ ನನ್ನನ್ನು ಬಿಟ್ಟು ನಿನ್ನನ್ನು ಆರಿಸಿದ್ದು ಕೋಡ್ ಬರೆಯಲು, ಪಕ್ಕದವನನ್ನು ಕಾಯಲು ಅಲ್ಲ. ಸ್ವಲ್ಪ ನಿದ್ದೆ ಮಾಡು.

ಭಾಗ್ಯಶ್ರೀ


ಹುಣಸಮಾರನಹಳ್ಳಿ
16 ಫೆಬ್ರವರಿ 2025

ಭಾಗ್ಯ,

ತಲೆ ಕೆಟ್ಟಿದೆ ಎಂದೆಯಲ್ಲ, ಈಗ ಕೇಳು.

ನಮ್ಮ ಆ್ಯಪಿನಲ್ಲಿ ಒಂದು ತೊಂದರೆ ಇತ್ತು. ವ್ಯಾನು ಹೆಬ್ಬಾಳದ ಫ್ಲೈಓವರ್ ಕೆಳಗೆ ಹೋದ ಕೂಡಲೇ ಸಿಗ್ನಲ್ ತಪ್ಪಿ, ಮ್ಯಾಪಿನಲ್ಲಿ ನೇರ ಕೆರೆಯ ನಡುವೆ ತೋರಿಸುತ್ತಿತ್ತು. ಮಗು ಕೂತ ವ್ಯಾನು ಹೆಬ್ಬಾಳ ಕೆರೆಯಲ್ಲಿ! ತಾಯಂದಿರು ಫೋನ್ ಮಾಡಿ ಅಳುತ್ತಿದ್ದರು. ಎರಡು ವಾರ ಕೂತು ಅದನ್ನು ಸರಿ ಮಾಡಿದವಳು ನಾನು. ಒಬ್ಬಳೇ. ಬಸ್ಸಿನಲ್ಲಿ ಹೋಗುವಾಗ ಹೆಬ್ಬಾಳದವರೆಗೂ ಹೋಗಿ, ಅಲ್ಲಿ ಇಳಿದು, ಎಲ್ಲಿ ಸಿಗ್ನಲ್ ಹೋಗುತ್ತದೆ ಎಂದು ನಡೆದು ನೋಡಿ ಬಂದಿದ್ದೇನೆ. ಟ್ರಾಫಿಕ್ ಪೊಲೀಸರು ಏನಮ್ಮಾ ಕಳೆದುಕೊಂಡೆ ಎಂದು ಕೇಳಿದರು.

ಸೋಮವಾರದ ಮೀಟಿಂಗ್‌ನಲ್ಲಿ ರಘುನಾಥ್ ಸರ್ ಮುಗಿದ ಕೆಲಸಗಳ ಲಿಸ್ಟ್ ತೆರೆದು, "ವ್ಯಾನು ಕೆರೆಯಿಂದ ಹೊರಗೆ ಬಂತು ಕಣ್ರಯ್ಯ! ಭೇಷ್ ಜೀಷಾನ್" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ತಲೆ ಕೆರೆದುಕೊಂಡು, "ನಂದಾ ಸಾರ್? ನೋಡ್ಬೇಕು" ಎಂದ. ನೋಡಬೇಕಂತೆ! ಎಂಥ ನಾಟಕ ನೋಡು. ನಾನು ತಲೆ ತಗ್ಗಿಸಿ, ದಿನದ ಕೆಲಸ ಬರೆದಿಡುವ ಡೈರಿಯ ಪುಟ ತಿರುವುತ್ತಾ ಕೂತೆ.

ಮೀಟಿಂಗ್ ಮುಗಿದ ಮೇಲೆ ಮತ್ತೆ ನನ್ನ ಟೇಬಲ್ ಹತ್ತಿರ ಬಂದ. "ಆ ಲ್ಯಾಪ್‌ಟಾಪ್ ಐದು ನಿಮಿಷ ಕೊಡ್ತೀರಾ?" ನಾನು ಮುಚ್ಚಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಈಗ ಊಟಕ್ಕೆ ಹೋದರೂ ಬ್ಯಾಗ್ ಹೆಗಲ ಮೇಲೇ. ಟೀ ಮಾಡುವ ಮುನಿವೆಂಕಟಮ್ಮ "ಅದ್ರಾಗೆ ಚಿನ್ನ ಐತಾ?" ಎಂದು ಕೇಳುತ್ತಾಳೆ.

ಏನು ಮಾಡಲಿ?

ಲೈಬಾ


ಹುಬ್ಬಳ್ಳಿ
22 ಫೆಬ್ರವರಿ 2025

ಲೈಬಾ,

ಈ ಸಲ ನಗಲಿಲ್ಲ. ಬಿಸಿಲಿನಲ್ಲಿ ಹೆಬ್ಬಾಳದ ಫ್ಲೈಓವರ್ ಕೆಳಗೆ ನಡೆದವಳು ನೀನು, ಚಪ್ಪಾಳೆ ಅವನಿಗೆ ಎಂದರೆ ನನಗೂ ಮೈ ಉರಿಯಿತು. ಅಲ್ಲೇ ಎದ್ದು ನಿಂತು ಹೇಳಬಾರದಿತ್ತೇನೇ? ನನ್ನ ಹತ್ತಿರ ಜಗಳ ಆಡಲು ಮಾತ್ರ ನಿನಗೆ ಬಾಯಿ.

ರಘುನಾಥ್ ಸರ್ ಬಾಯಿ ತಪ್ಪಿ ಹೇಳಿರಬಹುದು. ಎಲ್ಲರ ಕೋಡ್ ಕೂಡಿಡುವ ಗಿಟ್ ತೆರೆದು ನೋಡು. ಯಾವ ಸಾಲನ್ನು ಯಾರು ಯಾವತ್ತು ಬರೆದರು ಎಂದು ಪಕ್ಕದಲ್ಲೇ ಹೆಸರು ಇರುತ್ತದೆ. ನೋಡಿ, ನಿನ್ನ ಹೆಸರಿದ್ದರೆ ತೆಗೆದುಕೊಂಡು ಹೋಗಿ ಅವರ ಮುಂದೆ ಹಿಡಿ. ಮುಗಿಯಿತು.

ಇಲ್ಲಿ ಎಲ್ಲ ಚೆನ್ನಾಗಿದೆ.

ಭಾಗ್ಯ


ಹುಣಸಮಾರನಹಳ್ಳಿ
9 ಮಾರ್ಚ್ 2025

ಭಾಗ್ಯ,

ನೋಡಿದೆ. ಗಿಟ್‌ನಲ್ಲಿ ಒಂದೊಂದೇ ಸಾಲು ನೋಡಿದೆ.

ನಾನು ಬಂದ ದಿನದಿಂದ ಬರೆದ ಒಂದೊಂದು ಸಾಲಿನ ಪಕ್ಕದಲ್ಲೂ ಜೀಷಾನ್ ಹೆಸರು. ಹೆಬ್ಬಾಳದ್ದು ಮಾತ್ರವಲ್ಲ, ಎಲ್ಲವೂ. ಲೈಬಾ ಎಂಬ ಹುಡುಗಿ ಆ ಕಂಪನಿಗೆ ಬಂದೇ ಇಲ್ಲ. ಮೂರು ದಿನ ಪರೀಕ್ಷೆ ಮಾಡಿದೆ. ಬೆಳಿಗ್ಗೆ ನಾನು ಬರೆದು ಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ನೋಡುವಾಗ ಅವನ ಹೆಸರು. ಹೇಗೋ ಒಳಗೆ ಕೈ ಹಾಕಿ, ನನ್ನ ಹೆಸರು ಅಳಿಸಿ ತನ್ನದು ಹಾಕಿಕೊಳ್ಳುತ್ತಿದ್ದಾನೆ. ಕಾಲೇಜಿನ ಲ್ಯಾಬ್‌ನಲ್ಲಿ ಯಾರು ಏನು ಬರೆದರೂ "ಲ್ಯಾಬ್ ಎರಡು" ಎಂದೇ ಬೀಳುತ್ತಿತ್ತಲ್ಲ, ಅಲ್ಲಿ ಯಾರಿಗೆ ಯಾರ ಹೆಸರು ಬೇಕಿತ್ತು? ಇಲ್ಲಿ ಹೆಸರಿಗೇ ಕೆಲಸ.

ಈಗ ಎಲ್ಲ ಅರ್ಥವಾಗುತ್ತಿದೆ. ನಾನು ಎದ್ದರೆ ಅವನ ಕಣ್ಣು ಯಾಕೆ ನನ್ನ ಸ್ಕ್ರೀನ್ ಕಡೆಗೆ ಹೋಗುತ್ತದೆ, ಲ್ಯಾಪ್‌ಟಾಪ್ ಯಾಕೆ ಕೇಳುತ್ತಾನೆ. ರಂಜಾನ್ ಶುರುವಾದ ಮೇಲೆ ಒಂದು ಡಬ್ಬಿ ಖರ್ಜೂರ ತಂದು ನನ್ನ ಟೇಬಲ್ ಮೇಲೆ ಇಟ್ಟ. "ಬಸ್ಸಲ್ಲೇ ಇಫ್ತಾರ್ ಹೊತ್ತಾಗ್ಬಿಡುತ್ತೆ, ಇಟ್ಕೊಳ್ಳಿ" ಎಂದ. ಕದಿಯುವವನೇ ಖರ್ಜೂರವನ್ನೂ ಕೊಡುತ್ತಾನೆ! ಡಬ್ಬಿಯನ್ನು ಹಾಗೇ ಮುನಿವೆಂಕಟಮ್ಮನಿಗೆ ಕೊಟ್ಟುಬಿಟ್ಟೆ. ಅಮ್ಮಿಗೆ ಅವನ ಹೆಸರು ಹೇಳಿದ್ದೇ ತಪ್ಪಾಯಿತು, "ಯಾವ ಮನೆತನ, ಅಣ್ಣ ತಮ್ಮಂದಿರೆಷ್ಟು?" ಎಂದು ಶುರು ಮಾಡಿದ್ದಾಳೆ. ಕಳ್ಳರ ಮನೆತನ ಎಂದೆ.

ರಘುನಾಥ್ ಸರ್‌ಗೆ ಕಂಪ್ಲೇಂಟ್ ಕೊಡಲೋ ಬೇಡವೋ ಹೇಳು. ಮತ್ತೆ "ಬಾಯಿ ತಪ್ಪಿರಬಹುದು" ಎಂದೆಲ್ಲ ಬರೆಯಬೇಡ. ಐದು ಜನ ಕೂತು ಅಂಗಡಿಗಳಿಗೆ ವೆಬ್‌ಸೈಟ್ ಮಾಡುವ ಜಾಗದಲ್ಲಿ ನಿನಗೆ ಇಂಥ ಪೈಪೋಟಿ ಎಲ್ಲಿಂದ ಗೊತ್ತಾಗಬೇಕು?

ಲೈಬಾ


ಹುಬ್ಬಳ್ಳಿ
15 ಮಾರ್ಚ್ 2025

ಲೈಬಾ,

ನಿನ್ನ ಕಾಗದ ತಲುಪಿತು.

ನಿಜ, ಐದು ಜನರ ಜಾಗದಲ್ಲಿ ನನಗೆ ಅಂಥದ್ದೆಲ್ಲ ಗೊತ್ತಾಗುವುದಿಲ್ಲ. ನಿನಗೆ ಸರಿ ಅನ್ನಿಸಿದ್ದು ಮಾಡು.

ಬಿಸಿಲು ಜಾಸ್ತಿಯಾಗಿದೆ. ಕೆಲಸವೂ ಜಾಸ್ತಿ.

ಭಾಗ್ಯಶ್ರೀ


ಹುಣಸಮಾರನಹಳ್ಳಿ
23 ಮಾರ್ಚ್ 2025

ಭಾಗ್ಯ,

ಎಷ್ಟು ಚಿಕ್ಕ ಕಾಗದ ಬರೆದಿದ್ದೀಯೇ! ಬೇಜಾರಾಯಿತಾ? ಸಿಟ್ಟಿನಲ್ಲಿ ಏನೋ ಬರೆದೆ, ಬಿಟ್ಟುಬಿಡು. ದೊಡ್ಡ ಸುದ್ದಿ ಇದೆ.

ಮಂಗಳವಾರ ಗಿಟ್‌ನ ಪಟ್ಟಿಯನ್ನೆಲ್ಲ ಪ್ರಿಂಟ್ ತೆಗೆದು, ನನ್ನ ಡೈರಿಯ ಜೊತೆ ರಘುನಾಥ್ ಸರ್ ಮುಂದೆ ಇಟ್ಟೆ. ಯಾವ ದಿನ ಏನು ಬರೆದೆ ಎಂದು ಡೈರಿಯಲ್ಲಿ ನನ್ನ ಕೈಬರಹ, ಪಟ್ಟಿಯಲ್ಲಿ ಅವನ ಹೆಸರು. ಅವನನ್ನು ಒಳಗೆ ಕರೆಸಿದರು. ನೋಡಿ ಬೆಪ್ಪಾದ. "ಇದು ನಾನ್ ಬರ್ದಿದ್ದಲ್ಲ ಸಾರ್. ಇವ್ರದ್ದೇ ಇರ್ಬೇಕು. ಆ ಲ್ಯಾಪ್‌ಟಾಪ್ ಒಂದ್ಸಲ ಕೊಡಿ ಅಂತ ಕೇಳ್ತಾನೇ ಇದೀನಿ" ಎಂದು ನನ್ನ ಬ್ಯಾಗಿನ ಕಡೆ ಕೈ ತೋರಿಸಿದ. ನನಗೆ ಎಲ್ಲಿಂದ ಬಂತೋ ಆ ಧ್ವನಿ. "ಯಾಕೆ, ಉಳಿದಿರೋ ಸಾಕ್ಷೀನೂ ಅಳಿಸೋಕಾ?" ಎಂದೆ. ಆಫೀಸೆಲ್ಲ ಕೇಳಿಸಿಕೊಂಡಿತು. ರಘುನಾಥ್ ಸರ್ ಅವನಿಗೆ ನಾಳೆಯಿಂದ ಬರಬೇಡ ಎಂದರು. ಅವನು ಟೇಬಲ್ ಮೇಲಿದ್ದ ನೀರಿನ ಬಾಟಲಿ ತೆಗೆದುಕೊಂಡು ಹೋದ. ಶುಕ್ರವಾರ ನನಗೆ ಆಫರ್ ಲೆಟರ್ ಕೊಟ್ಟರು. ಜೂನ್ ಎರಡಕ್ಕೆ ಸೇರಬೇಕು. ಅಬ್ಬಾ ಅದನ್ನು ತಮ್ಮ ಟೈಲರ್ ಅಂಗಡಿಯಲ್ಲಿ ಇಟ್ಟುಕೊಂಡು, ಯೂನಿಫಾರ್ಮ್ ಅಳತೆ ಕೊಡಲು ಬಂದವರಿಗೆಲ್ಲ ತೋರಿಸುತ್ತಿದ್ದಾರೆ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಮುಗಿದಿಲ್ಲ. ಬುಧವಾರದಿಂದ ಅವನ ಪಾಸ್‌ವರ್ಡ್‌ಗಳನ್ನೆಲ್ಲ ಬಂದ್ ಮಾಡಿದ್ದಾರೆ. ಆದರೂ ನಾನು ನಿನ್ನೆ ಬರೆದ ಸಾಲುಗಳ ಪಕ್ಕದಲ್ಲೂ ಜೀಷಾನ್ ಹೆಸರು ಬಿದ್ದಿದೆ! ಹೊರಗೆ ಕೂತೂ ಒಳಗೆ ಬರುತ್ತಿದ್ದಾನೆ. ರಘುನಾಥ್ ಸರ್‌ಗೆ ತೋರಿಸಿದೆ. "ಇದು ಪೊಲೀಸ್ ಕೇಸೇ. ಮಕ್ಕಳ ವ್ಯಾನಿನ ವಿಷಯ, ನಾಳೆ ಏನಾದ್ರೂ ಆದ್ರೆ?" ಎಂದರು. ಯುಗಾದಿ, ರಂಜಾನ್ ಎರಡೂ ಮುಗಿಯಲಿ, ಏಪ್ರಿಲ್ ಒಂದರಂದು ಸ್ಟೇಷನ್ನಿಗೆ ಹೋಗೋಣ, ದೂರಿಗೆ ನೀನೇ ಸಹಿ ಹಾಕಬೇಕು ಎಂದಿದ್ದಾರೆ.

ಗೆದ್ದಿದ್ದೇನೆ, ಆದರೆ ನಿದ್ದೆ ಬರುತ್ತಿಲ್ಲ ಭಾಗ್ಯ. ಯಾರೋ ಹಿಂದೆಯೇ ನಿಂತ ಹಾಗಿದೆ. ಬೇಗ ಬರೆ.

ಲೈಬಾ


ಹುಬ್ಬಳ್ಳಿ
27 ಮಾರ್ಚ್ 2025

ಲೈಬಾ,

ಈ ಬೆಳಿಗ್ಗೆ ನಿನ್ನ ಕಾಗದ ಬಂದಾಗಿನಿಂದ ಹನ್ನೊಂದು ಸಲ ಫೋನ್ ಮಾಡಿದೆ. "ಆಫೀಸ್ ವಿಷಯ" ಎಂದ ಕೂಡಲೇ ನೀನು ಕಟ್ ಮಾಡಿದೆ, ಆಮೇಲೆ ಸ್ವಿಚ್ ಆಫ್. ನನ್ನ ಮೆಸೇಜ್‌ಗಳನ್ನು ತೆರೆದೂ ನೋಡಿಲ್ಲ. ಇದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕುತ್ತಿದ್ದೇನೆ. ಏಪ್ರಿಲ್ ಒಂದಕ್ಕೆ ಮೊದಲು ತಲುಪಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೇನೆ.

ಸಹಿ ಹಾಕಬೇಡ. ಅವನು ಕದ್ದಿಲ್ಲ.

ಗಿಟ್‌ಗೆ ಕೂತವರ ಮುಖ ಗೊತ್ತಿರುವುದಿಲ್ಲ ಕಣೇ. ಆ ಯಂತ್ರದೊಳಗೆ ಯಾರ ಹೆಸರು ಬರೆದಿಟ್ಟಿದ್ದಾರೋ ಅದನ್ನೇ ಪ್ರತಿ ಸಾಲಿಗೂ ಅಂಟಿಸುತ್ತದೆ. ನಿನ್ನ ಲ್ಯಾಪ್‌ಟಾಪ್ ಮೊದಲು ಜೀಷಾನ್‌ದು. ಅವನ ಹೆಸರು ಅದರಲ್ಲೇ ಉಳಿದಿದೆ. ನೀನು ನಿನ್ನದನ್ನು ಹಾಕಿಲ್ಲ. ಲ್ಯಾಬ್‌ನಲ್ಲಿ ನಾವು ಒಂದು ದಿನವೂ ಹೆಸರು ಹಾಕಿದವರಲ್ಲ, ಅದಕ್ಕೇ ಎಲ್ಲ "ಲ್ಯಾಬ್ ಎರಡು" ಆಗಿತ್ತು. ಅವನು ಹೋದ ಮೇಲೂ ಅವನ ಹೆಸರು ಬೀಳುತ್ತಿದೆ ಎಂದರೆ, ಅದನ್ನು ಹಾಕುತ್ತಿರುವವಳು ನೀನೇ.

ನನಗೆ ಹೇಗೆ ಗೊತ್ತು ಎಂದರೆ, ಮೊದಲ ದಿನ ಬೈಸಿಕೊಂಡೆ ಎಂದಿದ್ದೆನಲ್ಲ, ಅದು ಇದಕ್ಕೇ. ನನ್ನ ಕೆಲಸವೆಲ್ಲ ಹಿಂದಿನ ಹುಡುಗನ ಹೆಸರಿನಲ್ಲಿ ಹೋಗಿತ್ತು. ಅಪ್ಪಾಸಾಹೇಬರು ಎಲ್ಲರ ಮುಂದೆ, "ಏನವಾ ತಂಗಿ, ಮೊದ್ಲ ನಿನ್ನ ಹೆಸರು ಹಚ್ಚು, ಆಮ್ಯಾಲ ಕೆಲಸ ಶುರು ಮಾಡು" ಎಂದರು. ಒಂದು ಸಾಲು ಟೈಪ್ ಮಾಡಿದರೆ ಮುಗಿಯುವ ಕೆಲಸ. ನಾಚಿಕೆಯಾಗಿ ನಿನಗೆ ಹೇಳಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮಾರ್ಚ್ ಒಂಬತ್ತರ ನಿನ್ನ ಕಾಗದ ಅರ್ಧ ಓದುವಾಗಲೇ ನನಗೆ ಹೊಳೆದಿತ್ತು. ಉತ್ತರ ಬರೆಯಲು ಪೆನ್ನು ತೆಗೆದುಕೊಂಡವಳು, ಕೊನೆಯ ಸಾಲು ಓದಿ ನಿಲ್ಲಿಸಿದೆ. ಐದು ಜನರ ಜಾಗ ಎಂದೆಯಲ್ಲ. ಇಲ್ಲಿ ಎಲ್ಲ ಚೆನ್ನಾಗಿಲ್ಲ ಲೈಬಾ. ಜೂನ್‌ಗೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಫೆಬ್ರವರಿಯಲ್ಲೇ ಹೇಳಿದ್ದಾರೆ. ನಿನ್ನ ಕುರ್ಚಿ ನನ್ನದಾಗಬೇಕಿತ್ತು ಎಂದು ದಿನವೂ ಅನ್ನಿಸುತ್ತಿತ್ತು. ದೊಡ್ಡ ಕಂಪನಿಯವಳಲ್ಲವೇ, ತಾನೇ ಕಂಡುಕೊಳ್ಳಲಿ, ಸ್ವಲ್ಪ ಪೆಟ್ಟಾಗಲಿ ಎಂದುಕೊಂಡೆ. ಪೆಟ್ಟು ನಿನಗಾಗುತ್ತದೆ ಎಂದುಕೊಂಡಿದ್ದೆ. ಕಂಡರಿಯದ ಒಬ್ಬ ಹುಡುಗನಿಗೆ ಆಗುತ್ತದೆ ಎಂದು ತಿಳಿಯಲಿಲ್ಲ.

ನನ್ನನ್ನು ಬೈ. ಆದರೆ ಮೊದಲು ಲ್ಯಾಪ್‌ಟಾಪ್ ತೆರೆದು ಯಾರ ಹೆಸರಿದೆ ನೋಡು.

ಭಾಗ್ಯ


ಹುಣಸಮಾರನಹಳ್ಳಿ
6 ಏಪ್ರಿಲ್ 2025

ಭಾಗ್ಯ,

ನಿನ್ನ ಕಾಗದ 29ರ ಮಧ್ಯಾಹ್ನ ಬಂತು. ಅಂಚೆಯವರು ಗೇಟಿನಲ್ಲಿ ನಿಂತಿರುವಾಗಲೇ ಓದಿದೆ. ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದು, ನೀನು ಯಾರು ಎಂದು ಕೇಳಿದೆ. ಜೀಷಾನ್ ಎಂದಿತು. ಅವನು ಮೂರು ಸಲ ಕೇಳಿದ್ದು ಇದಕ್ಕೇ. ಐದು ನಿಮಿಷ ಕೊಟ್ಟಿದ್ದರೆ ಮುಗಿಯುತ್ತಿತ್ತು.

ರಘುನಾಥ್ ಸರ್‌ಗೆ ಫೋನ್ ಮಾಡಿದೆ. ಹೌದು, ಫೋನ್. ಅಳುತ್ತಲೇ ಎಲ್ಲ ಹೇಳಿದೆ. "ಓ, ಅದಾ? ಅವನೂ ಹೋದ ದಿನವೇ ಅದನ್ನೇ ಮೇಲ್ ಹಾಕಿದ್ದ" ಎಂದರು. "ಮತ್ತೆ ಪೊಲೀಸ್ ಅಂದ್ರಲ್ಲ ಸರ್?" ಎಂದೆ. "ಮೇಲ್ ಪೂರ್ತಿ ಓದಿರಲಿಲ್ಲಮ್ಮ. ಸರಿ, ಕಂಪ್ಲೇಂಟ್ ಬೇಡ ಬಿಡು." ಹಾಗಾದರೆ ಜೀಷಾನ್‌ನನ್ನು ವಾಪಸ್ ಕರೆಯುತ್ತೀರಾ ಎಂದು ಕೇಳಿದೆ. "ಹೆಂಗೂ ಒಬ್ರೇ ಬೇಕಿತ್ತಲ್ಲ. ಈಗ ಕ್ಲಿಯರ್ ಆಗಿದೆ. ನಿನ್ ಕೆಲಸ ನಿನಗಿದೆ, ಸುಮ್ನಿರು" ಎಂದರು.

ಒಂದು ದಿನ ಸುಮ್ಮನಿದ್ದೆ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ? ಯುಗಾದಿಯ ದಿನ ನಿಮ್ಮಜ್ಜಿ ಕೊಟ್ಟ ಒಬ್ಬಟ್ಟನ್ನು ಇಫ್ತಾರ್‌ಗೆ ತಿನ್ನುತ್ತಾ, ಆಫರ್ ಲೆಟರ್ ನೋಡುತ್ತಾ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಯೋಚಿಸಿದ್ದೇನೆ. ಮರುದಿನ ಹಬ್ಬದ ನಮಾಜ್ ಆದ ಮೇಲೆ ಅಮ್ಮಿ, "ಯಾರ ಮನೆಗಾದರೂ ಹೋಗಬೇಕಾ?" ಎಂದು ಕೇಳಿದಳು. ಆರ್.ಟಿ. ನಗರಕ್ಕೆ ಎಂದೆ. ಅವಳ ಮುಖ ಅರಳಿತು. ಬಸ್ಸಿನಲ್ಲಿ ನಿಜ ಹೇಳಿದೆ. ಮಡಿಲಲ್ಲಿದ್ದ ಶೀರ್ ಖುರ್ಮಾ ಪಾಯಸದ ಡಬ್ಬಿಯನ್ನು ಹೆಬ್ಬಾಳದವರೆಗೂ ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

ಬಾಗಿಲು ತೆರೆದವಳು ಅವನ ತಂಗಿ ನಿಶಾತ್. ನನ್ನ ಹೆಸರು ಕೇಳಿ ಬಾಗಿಲು ಮುಚ್ಚಬಹುದಿತ್ತು. ಹಬ್ಬದ ದಿನವಲ್ಲವೇ, ಒಳಗೆ ಕೂರಿಸಿದಳು. ಅವನಿಗೆ ನಾನು ಮೊದಲ ಸಲ ನಮ್ಮ ಮನೆ ಮಾತಿನಲ್ಲಿ ಮಾತಾಡಿದೆ. ತಪ್ಪು ನನ್ನದು, ನಿಮ್ಮನ್ನು ಕಳ್ಳ ಎಂದೆ, ಕ್ಷಮಿಸಿ ಎಂದೆ. ಅವನು ಕನ್ನಡದಲ್ಲಿ ಉತ್ತರ ಕೊಟ್ಟ. "ಪಾಸಾಗಿ ಎರಡು ವರ್ಷ ಆಯ್ತು. ಇದು ನನ್ ಮೂರನೇ ಇಂಟರ್ನ್‌ಶಿಪ್. ಮೊದಲ್ನೇದು ಕಂಪನೀನೇ ಮುಚ್ಚೋಯ್ತು. ಎರಡನೇ ಕಡೆ ಜಾಗ ಖಾಲಿ ಇಲ್ಲ ಅಂದ್ರು. ಇಲ್ಲಿ ಕಳ್ಳ ಅಂದ್ರು." ಸಿಟ್ಟಿನಿಂದ ಹೇಳಲಿಲ್ಲ ಭಾಗ್ಯ. ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಮ್ಮಿ ಅವನ ತಾಯಿಯ ಕೈ ಹಿಡಿದುಕೊಂಡು ಅತ್ತಳು. ಅವನು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಏಪ್ರಿಲ್ ಒಂದರಂದು ಆಫೀಸಿಗೆ ಹೋಗಿ ಲ್ಯಾಪ್‌ಟಾಪ್‌ನಲ್ಲಿ ನನ್ನ ಹೆಸರು ಹಾಕಿದೆ. ನೀನು ಹೇಳಿದ್ದು ನಿಜ, ಒಂದೇ ಸಾಲು ಟೈಪ್ ಮಾಡುವ ಕೆಲಸ. ಆಮೇಲೆ ಎಲ್ಲರೂ ಬೆಳಿಗ್ಗೆ ಮೊದಲು ತೆರೆಯುವ ಫೈಲಿನ ತಲೆಯ ಮೇಲೆ ಹೀಗೆ ಬರೆದು ಕಳಿಸಿದೆ: "ಈ ಯಂತ್ರದಲ್ಲಿ ಹೆಸರು ಬದಲಿಸದೆ ಕೆಲಸ ಮಾಡಿದವಳು ನಾನು. ಜೀಷಾನ್ ಏನನ್ನೂ ಕದ್ದಿಲ್ಲ." ಆಫರ್ ಲೆಟರ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ರಘುನಾಥ್ ಸರ್ ಟೇಬಲ್ ಮೇಲಿಟ್ಟೆ. "ಹುಚ್ಚಾ ನಿಂಗೆ?" ಎಂದರು. ಹಾಜರಿ ಆ್ಯಪನ್ನು ಅವರೆದುರಿಗೇ ತೆಗೆಸಿದೆ. ತೆಗೆಯುವಾಗ ನೋಡಿದರೆ ಅದರೊಳಗೆ ನಾನು ಬಂದ ಹೊತ್ತು, ಹೋದ ಹೊತ್ತು ಬಿಟ್ಟು ಏನೂ ಇರಲಿಲ್ಲ. ಮುನಿವೆಂಕಟಮ್ಮ ಮೆಟ್ಟಿಲ ಹತ್ತಿರ ನಿಲ್ಲಿಸಿ, ಸೀಲು ಒಡೆಯದ ಖರ್ಜೂರದ ಡಬ್ಬಿಯನ್ನು ವಾಪಸ್ ಕೊಟ್ಟಳು. "ಉಪಾಸದೋರ್ಗೆ ಅಂತ ಆ ಮಗ ಕೊಟ್ಟಿದ್ದು, ನಾನೆಂಗಮ್ಮ ತಿನ್ಲಿ?" ಎಂದಳು.

ಗುರುವಾರ ರಘುನಾಥ್ ಸರ್ ಜೀಷಾನ್‌ಗೆ ಫೋನ್ ಮಾಡಿದರಂತೆ. ಆಫೀಸಿನವರೆಲ್ಲ ನನ್ನ ಸಾಲು ಓದಿ ಒಬ್ಬೊಬ್ಬರಾಗಿ ಕೇಳಿದ್ದಾರೆ. ನಿಶಾತ್ ಮೆಸೇಜ್ ಮಾಡಿದ್ದಳು. ಅವನು ಹೋಗುತ್ತಾನೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಅಬ್ಬಾ ಅಂಗಡಿಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಉಳಿದ ಎಂಟು ವಾರ ಬೇರೆ ಕಡೆ ಮಾಡದಿದ್ದರೆ ಮಾರ್ಕ್ಸ್ ಇಲ್ಲ ಎಂದು ಕಾಲೇಜಿನವರು ಹೇಳಿದ್ದಾರೆ. ಹುಡುಕಬೇಕು.

ಹೆಬ್ಬಾಳದಲ್ಲಿ ವ್ಯಾನು ಈಗ ಕೆರೆಗೆ ಬೀಳುವುದಿಲ್ಲ. ಆ ಕೆಲಸವೆಲ್ಲ ಅಲ್ಲಿ ಜೀಷಾನ್ ಹೆಸರಿನಲ್ಲೇ ಇರುತ್ತದೆ, ಬದಲಿಸಲು ನಾನು ಕೇಳಲಿಲ್ಲ. ನನ್ನ ಹೆಸರಿನಲ್ಲಿರುವುದು ಅವನು ಕದ್ದಿಲ್ಲ ಎಂದು ಬರೆದ ಆ ಕೊನೆಯದು ಮಾತ್ರ.

ನಿನ್ನ ಮೇಲೆ ಸಿಟ್ಟಿದೆ. ಹನ್ನೆರಡು ದಿನ ಗೊತ್ತಿದ್ದೂ ಸುಮ್ಮನಿದ್ದೆಯಲ್ಲ ಎಂದು ನೆನೆದಾಗ ಹೊಟ್ಟೆ ಉರಿಯುತ್ತದೆ. ಐದು ಜನರ ಜಾಗ ಎಂಬ ಆ ಸಾಲು ಬರೆದವಳು ನಾನೇ ಎಂದೂ ನೆನಪಾಗುತ್ತದೆ. ಇದನ್ನೆಲ್ಲ ಕಾಗದದಲ್ಲಿ ಬರೆಯಲು ಆಗುವುದಿಲ್ಲ, ಐದು ದಿನ ಕಾಯಲೂ ಆಗುವುದಿಲ್ಲ.

ಇದು ತಲುಪಿದ ಕೂಡಲೇ ಫೋನ್ ಮಾಡು. ಜಗಳ ಆಡಬೇಕು. ಯಾರು ಬೇಕಾದರೂ ಕೇಳಿಸಿಕೊಳ್ಳಲಿ.

ಲೈಬಾ